ಮುಪ್ಪು, ರಸಾಯನ ಮತ್ತು ಆಹಾರಪೂರಕಗಳು

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಮೂರು ಮಹಾವೃಕ್ಷಗಳನ್ನು ಈ ಸೀಮೆಯಲ್ಲಿ ನೋಡದವರು ವಿರಳ. ಜನರು ಅವನ್ನು ದೊಡ್ಡಹುಣಸೆ ಎಂದು ಕರೆಯುತ್ತ ಬಂದಿದ್ದರೂ ಅವು ಆಫ್ರಿಕಾ ಖಂಡದ ಮೂಲದ ಬಾವೊಬಾಬ್ ಜಾತಿಗೆ ಸೇರಿದವು. ಅವುಗಳ ವಯಸ್ಸನ್ನು ಜನಪದವು ಸಾವಿರ ವರ್ಷಗಳ ಲೆಕ್ಕದಲ್ಲಿ ಹೇಳುತ್ತದೆ. 2023ರ ಜುಲೈ ತಿಂಗಳ ಮಳೆಯಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು. ಆದರೆ ಅದನ್ನು ಕಡಿದು ಕಟ್ಟಿಗೆ ಮಾಡಲು ಯಾರ ಮನಸ್ಸೂ ಒಪ್ಪಲಿಲ್ಲ. ಯಂತ್ರಗಳ ನೆರವಿನಿಂದ ಎತ್ತಿ ಮತ್ತೆ ನೆಟ್ಟರು. ಮುದಿಮರದ ವಿಷಯದಲ್ಲಿಯೇ ಮನುಷ್ಯನ ಹಂಬಲ ಇಂತಿರಲು, ತನ್ನ ಶರೀರದ ವಿಷಯದಲ್ಲಿ ಅದು ಎಷ್ಟಿರಬೇಡ!

ಆ ಹಂಬಲವನ್ನು ಬಂಡವಾಳವಾಗಿಸಿಕೊಂಡ ವ್ಯಾಪಾರವೊಂದು ಇಂದು ಜಗದಗಲ ಬೆಳೆದಿದೆ. ನಗರಗಳ ಮಾತಿರಲಿ, ಹುಬ್ಬಳ್ಳಿ-ಶಿಗ್ಗಾಂವಿ ಹೆದ್ದಾರಿಯ ಮೇಲಿನ ತಡಸದಂಥ ಊರಿಗೂ ಬಣ್ಣಬಣ್ಣದ ಡಬ್ಬಿಗಳು ಬಂದು ತಲುಪುತ್ತಿವೆ. ಜೀವಸತ್ತ್ವದ ಗುಳಿಗೆ, ಮೀನೆಣ್ಣೆಯ ಗುಳಿಗೆ, ಪೌಷ್ಟಿಕ ಪುಡಿ, ಲೇಹ್ಯ, ಅರಿಷ್ಟ ಇತ್ಯಾದಿಗಳು ಮುಪ್ಪನ್ನು ಮುಂದೂಡುವ ಭರವಸೆಯನ್ನು ಹೊತ್ತು ಬರುತ್ತವೆ. ದೂರದ ಊರುಗಳಲ್ಲಿ ನೌಕರಿಯಲ್ಲಿರುವ ಮಕ್ಕಳು ಹಳ್ಳಿಯಲ್ಲಿರುವ ತಾಯಿತಂದೆಗಳಿಗೆ ಪ್ರೀತಿಯಿಂದ ಕಳುಹಿಸುವ ವಸ್ತುಗಳಲ್ಲಿ ಇವೂ ಸೇರಿವೆ. ಇವುಗಳಿಂದ ಮುಪ್ಪು ತಡೆಯುವುದೇ? ತಡೆಯದಿದ್ದರೂ ಮುಪ್ಪಿನ ಬಾಳು ಹಗುರಾಗುವುದೇ? ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಇವನ್ನು ಒಂದಾಗಿ ಬೆರೆಸಿದುದರಿಂದಲೇ ಹಲವು ಭ್ರಾಂತಿಗಳು ಹುಟ್ಟಿವೆ.

ರಸಾಯನವೆಂಬ ಪ್ರಾಚೀನ ವಿಚಾರ

ಈ ವಿಚಾರ ನಮ್ಮವರಿಗೆ ಹೊಸದಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು ಪೂರ್ಣ ಅಂಗವೇ ರಸಾಯನಕ್ಕೆ ಮೀಸಲು. ಅದಕ್ಕೆ ಜರಾಚಿಕಿತ್ಸೆಯೆಂಬ ಹೆಸರೂ ಉಂಟು. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಆರಂಭವಾಗುವುದೇ ರಸಾಯನಾಧ್ಯಾಯದಿಂದ. ರಸದ ಅಯನ, ಅಂದರೆ ಆಹಾರರಸವು ಧಾತುಗಳಿಗೆ ಸರಿಯಾಗಿ ಸಾಗುವ ದಾರಿ, ಎಂಬುದು ಆ ಶಬ್ದದ ಅರ್ಥ. ವೃದ್ಧ ಚ್ಯವನ ಋಷಿಯು ಮರಳಿ ಯೌವನ ಪಡೆದನೆಂಬ ಕಥೆಯಿಂದ ಹೆಸರು ಪಡೆದ ಚ್ಯವನಪ್ರಾಶವು ಈ ಅಧ್ಯಾಯದ್ದೇ. ಅದರ ಪ್ರಧಾನ ದ್ರವ್ಯ ನೆಲ್ಲಿಕಾಯಿ. ಚರಕನು ಬೇರೊಂದೆಡೆ 'ವಯಃಸ್ಥಾಪನ'ವೆಂಬ ಹತ್ತು ದ್ರವ್ಯಗಳ ಗಣವೊಂದನ್ನು ಹೇಳಿದ್ದಾನೆ. ಅಮೃತಬಳ್ಳಿ, ಅಳಲೆ, ನೆಲ್ಲಿ, ಒಂದೆಲಗ, ಪುನರ್ನವಗಳು ಅದರಲ್ಲಿ ಸೇರಿವೆ. ವಯಸ್ಸನ್ನು ನಿಲ್ಲಿಸಿ ಹಿಡಿಯುವುದು ಎಂಬುದು ಆ ಹೆಸರಿನ ಭಾವ.

ಆದರೆ ಈ ಗ್ರಂಥಗಳನ್ನು ಹೆಸರಿಸಿ ಮಾರುವವರು ಅವುಗಳ ಉಳಿದ ಮಾತುಗಳನ್ನು ಮರೆಮಾಚುತ್ತಾರೆ. ಸುಶ್ರುತನು ರೋಗಗಳನ್ನು ವಿಭಾಗಿಸುವಾಗ ಹಸಿವು, ಬಾಯಾರಿಕೆ, ಮುಪ್ಪು, ಮೃತ್ಯು, ನಿದ್ರೆ ಇವನ್ನು ಸ್ವಭಾವದಿಂದಲೇ ಬರತಕ್ಕವು ಎಂದು ಒಂದೇ ಸಾಲಿನಲ್ಲಿರಿಸಿದ್ದಾನೆ. ಅವುಗಳಲ್ಲಿಯೂ ಎರಡು ಬಗೆ: ಕಾಲಕ್ಕೆ ಸರಿಯಾಗಿ ಬರುವಂಥವು, ಅಕಾಲದಲ್ಲಿ ಬರುವಂಥವು. ಶರೀರವನ್ನು ರಕ್ಷಿಸಿಕೊಂಡವನಿಗೂ ಬರುವುದು ಕಾಲಜವಾದ ಮುಪ್ಪು. ರಕ್ಷಿಸಿಕೊಳ್ಳದೆ ತಂದುಕೊಂಡದ್ದು ಅಕಾಲಜ. ಈ ಭೇದವೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಪ್ರಕೃತ ವಿಷಯದ ಅರ್ಧ ಗೊಂದಲ ನೀಗುತ್ತದೆ.

ಇನ್ನೂ ಎರಡು ಮಾತುಗಳಿವೆ. ರಸಾಯನವನ್ನು ಸೇವಿಸಬೇಕಾದುದು ಪೂರ್ವವಯಸ್ಸಿನಲ್ಲಿ ಅಥವಾ ಮಧ್ಯವಯಸ್ಸಿನಲ್ಲಿ. ಎಲ್ಲ ಕುಂದಿದ ಮೇಲಲ್ಲ. ಶುದ್ಧಿಯಿಲ್ಲದ ದೇಹಕ್ಕೆ ಕೊಟ್ಟ ರಸಾಯನವು ಕೊಳೆಯಾದ ಬಟ್ಟೆಗೆ ಹಾಕಿದ ಬಣ್ಣದಂತೆ ಹಿಡಿಯದು ಎಂದು ಆಚಾರ್ಯರು ಎಚ್ಚರಿಸಿದ್ದಾರೆ. ಅದಕ್ಕೂ ಮಿಗಿಲಾಗಿ ಚರಕನು ಆಚಾರರಸಾಯನ ಎಂಬುದೊಂದನ್ನು ಹೇಳುತ್ತಾನೆ. ಸತ್ಯವನ್ನಾಡುವುದು, ಕೋಪವನ್ನು ಬಿಡುವುದು, ಮದ್ಯದಿಂದ ದೂರವಿರುವುದು, ಅತಿಯಾದ ಆಯಾಸವಿಲ್ಲದಿರುವುದು, ನಿದ್ರೆ-ಎಚ್ಚರಗಳಲ್ಲಿ ಸಮತೆ, ಹಾಲು-ತುಪ್ಪದ ಊಟ, ಹಿರಿಯರ ಸೇವೆ, ಇವುಗಳಿಂದ ಕೂಡಿದವನು ನಿತ್ಯವೂ ರಸಾಯನವನ್ನೇ ಸೇವಿಸಿದಂತೆ ಎಂಬುದು ಅದರ ಸಾರ. ಇದನ್ನು ಡಬ್ಬಿಯಲ್ಲಿ ತುಂಬಿ ಮಾರಲು ಬರುವುದಿಲ್ಲ.

ಅಲ್ಲಮಪ್ರಭು ಮತ್ತು ಗೋರಕ್ಷ

ಶರಣಪರಂಪರೆಯಲ್ಲಿಯೂ ಈ ಪ್ರಶ್ನೆ ಎದುರಾಗಿತ್ತು. ರಸವಾದದ ಸಿದ್ಧರು ಪಾದರಸ ಮತ್ತು ಮೂಲಿಕೆಗಳ ಬಲದಿಂದ ದೇಹವನ್ನು ಅಳಿವಿಲ್ಲದಂತೆ ಮಾಡಬಹುದೆಂದು ನಂಬಿದ್ದರು. ಗೋರಕ್ಷನು ಹಾಗೆ ವಜ್ರಕಾಯನಾದವನೆಂದು ಪ್ರಸಿದ್ಧಿ. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಗಳಲ್ಲಿಯೂ ಬರುವ ಪ್ರಸಂಗ ಎಲ್ಲರಿಗೂ ತಿಳಿದುದೇ. ಗೋರಕ್ಷನ ಮೈಗೆ ಖಡ್ಗ ತಾಗಿದಾಗ ಲೋಹದಂತೆ ದನಿಗೊಟ್ಟಿತು, ಕೂದಲೂ ಕೊಂಕಲಿಲ್ಲ. ಅದೇ ಖಡ್ಗವನ್ನು ಪ್ರಭುವಿನ ಮೇಲೆ ಬೀಸಿದಾಗ ಬಯಲಲ್ಲಿ ಬೀಸಿದಂತಾಯಿತು. ದನಿಗೊಡುವ ಕಾಯವಿರುವ ತನಕ ಕಾಯದ ಅಭಿಮಾನವೂ ಇದೆ, ಅಭಿಮಾನವಿರುವ ತನಕ ಸಿದ್ಧಿಯಿಲ್ಲ ಎಂಬುದನ್ನು ಗೋರಕ್ಷನು ಅರಿತುಕೊಂಡನು.

ಇದರಿಂದ ಶರಣರು ದೇಹವನ್ನು ತಿರಸ್ಕರಿಸಿದರೆಂದು ತಿಳಿಯಬಾರದು. ಕಾಯಕಕ್ಕೆ ಕಾಯವೇ ಆಧಾರ. ಉಣ್ಣುವ ಅನ್ನವು ಪ್ರಸಾದ. ಅವರು ಬೇಡವೆಂದದ್ದು ಕಾಯದ ರಕ್ಷಣೆಯನ್ನಲ್ಲ, ಕಾಯವನ್ನು ಅಳಿಯದಂತೆ ಮಾಡುವೆನೆಂಬ ಹುಚ್ಚನ್ನು. ಆಧುನಿಕ ವಿಜ್ಞಾನವು ದೀರ್ಘ ಪರೀಕ್ಷೆಗಳ ನಂತರ ಬಂದು ನಿಂತಿರುವ ನೆಲೆಯೂ ಇದಕ್ಕೆ ದೂರವಾದುದಲ್ಲ.

ಜೀವಸತ್ತ್ವಗಳ ಶೋಧ

ಆಹಾರದಲ್ಲಿ ಯಾವುದೋ ಸೂಕ್ಷ್ಮಾಂಶದ ಕೊರತೆಯಿಂದ ರೋಗ ಬರುವುದೆಂಬುದು ಸುಲಭವಾಗಿ ಗೊತ್ತಾದ ಸಂಗತಿಯಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು, ಒಸಡು ಕೊಳೆತು ಸಾಯುತ್ತಿದ್ದ ನಾವಿಕರಿಗೆ ಕಿತ್ತಳೆ-ನಿಂಬೆಗಳನ್ನು ಕೊಟ್ಟು ಗುಣವಾದುದನ್ನು ತೋರಿಸಿದನು. ಜಾವಾ ದ್ವೀಪದಲ್ಲಿ ಐಕ್ಮನ್ ಎಂಬುವನು ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳಿಗೆ ಕಾಲು ಸೋಲುವುದನ್ನು ಕಂಡನು. 1912ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ಅಂಶಗಳಿಗೆ ವಿಟಮಿನ್ ಎಂಬ ಮೂಲದ ಹೆಸರನ್ನಿಟ್ಟನು. ನಮ್ಮ ದೇಶದಲ್ಲಿಯೂ ಈ ಶೋಧ ನಡೆಯಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದನು. ಗೋದಿಯ ರೊಟ್ಟಿ, ಹಾಲು, ಬೇಳೆ, ಕಾಯಿಪಲ್ಲೆಗಳನ್ನುಂಡ ಇಲಿಗಳು ಪುಷ್ಟವಾಗಿ ಬೆಳೆದವು. ಬರಿಯ ಅಕ್ಕಿಯ ಊಟದ ಮೇಲಿದ್ದವು ಕೃಶವಾದವು. ಆ ಪ್ರಯೋಗಶಾಲೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ಕೊರತೆಯುಳ್ಳವನಿಗೆ ಕೊರತೆಯ ಅಂಶವನ್ನು ಕೊಟ್ಟಾಗ ದೊರೆತ ಫಲ ಪವಾಡದಂತಿತ್ತು. ತಪ್ಪು ನಡೆದುದು ಮುಂದಿನ ಹೆಜ್ಜೆಯಲ್ಲಿ. ಕೊರತೆ ನೀಗಿದರೆ ಇಷ್ಟು ಲಾಭವಾದ ಮೇಲೆ, ಕೊರತೆಯಿಲ್ಲದವನು ಇನ್ನಷ್ಟು ಸೇವಿಸಿದರೆ ಇನ್ನಷ್ಟು ಲಾಭವಾಗಬೇಕಷ್ಟೆ ಎಂದು ಜನ ತರ್ಕಿಸಿದರು. ಬತ್ತಿದ ಹೊಲಕ್ಕೆ ನೀರು ಹಾಯಿಸಿದರೆ ಪೈರು ಚಿಗುರುವುದು ನಿಜ. ನೆನೆದ ಹೊಲಕ್ಕೆ ಮತ್ತೆ ಮತ್ತೆ ಹಾಯಿಸಿದರೆ ಬೇರು ಕೊಳೆಯುವುದೆಂಬುದನ್ನು ಯಾವ ಒಕ್ಕಲಿಗನಾದರೂ ಬಲ್ಲ.

1956ರಲ್ಲಿ ಡೆನ್ಹಮ್ ಹರ್ಮನ್ ಎಂಬ ವಿಜ್ಞಾನಿ, ಉಸಿರಾಟದ ಆಮ್ಲಜನಕದಿಂದಲೇ ದೇಹದೊಳಗೆ ಹುಟ್ಟುವ ಉಗ್ರ ಕಣಗಳು ಜೀವಕೋಶಗಳನ್ನು ಸವೆಸುತ್ತವೆ, ಅದೇ ಮುಪ್ಪು ಎಂದು ಪ್ರತಿಪಾದಿಸಿದನು. ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ಕಂಡವರಿಗೆ ಈ ಮಾತು ತಟ್ಟನೆ ಮನದಟ್ಟಾಗುತ್ತದೆ. 'ಸಿ', 'ಇ' ಮುಂತಾದ ಜೀವಸತ್ತ್ವಗಳು ಆ ಕಣಗಳನ್ನು ತಡೆಯುವುವಾದ್ದರಿಂದ ಅವುಗಳ ಸೇವನೆಯಿಂದ ಮುಪ್ಪು ತಡವಾಗಬೇಕೆಂಬ ಆಸೆ ಮೂಡಿತು. ಎರಡು ಬಾರಿ ನೊಬೆಲ್ ಪಾರಿತೋಷಕ ಪಡೆದ ಲೈನಸ್ ಪಾಲಿಂಗ್‌ನಂಥ ಮೇಧಾವಿಯೇ 'ಸಿ' ಜೀವಸತ್ತ್ವವನ್ನು ಭಾರಿ ಪ್ರಮಾಣದಲ್ಲಿ ಸೇವಿಸಬೇಕೆಂದು ಸಾರಿದನು. ಆತ 1994ರಲ್ಲಿ ತನ್ನ 93ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮೃತ್ಯುವಿಗೆ ಕಾರಣವಾದುದು ಅರ್ಬುದ ರೋಗ. ಒಬ್ಬನ ಆಯುಷ್ಯದಿಂದ ಆ ಪಕ್ಷವೂ ಸಿದ್ಧವಾಗದು, ಈ ಪಕ್ಷವೂ ಸಿದ್ಧವಾಗದು. ಆದ್ದರಿಂದಲೇ ಸಾವಿರಾರು ಜನರ ಮೇಲೆ ಪರೀಕ್ಷೆ ಮಾಡಬೇಕಾಯಿತು.

ಪರೀಕ್ಷೆಗೊಡ್ಡಿದಾಗ ಕಂಡುದು

ಇಂಥ ಪರೀಕ್ಷೆಗಳ ಕ್ರಮ ಸರಳ. ಸೇರಿದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಗುಳಿಗೆಯನ್ನೂ ಇನ್ನೊಂದಕ್ಕೆ ಅದೇ ರೂಪದ ಸತ್ತ್ವವಿಲ್ಲದ ಗುಳಿಗೆಯನ್ನೂ ವರ್ಷಗಟ್ಟಲೆ ಕೊಟ್ಟು ಫಲವನ್ನು ಎಣಿಸುವುದು. ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯದು.

ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಹೊರಬಂದಿತು. ಗಜ್ಜರಿಯ ಬಣ್ಣಕ್ಕೆ ಕಾರಣವಾದ ಬೀಟಾ ಕ್ಯಾರೊಟಿನ್ ಅಂಶದ ಗುಳಿಗೆಯಿಂದ ಶ್ವಾಸಕೋಶದ ಅರ್ಬುದ ಕಡಿಮೆಯಾಗಬಹುದೆಂದು ನಿರೀಕ್ಷಿಸಲಾಗಿತ್ತು. ಅದು ಶೇಕಡಾ 18ರಷ್ಟು ಹೆಚ್ಚಿತು. ಅಮೆರಿಕೆಯ ಇಂಥದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಮೂವತ್ತೈದು ಸಾವಿರಕ್ಕೂ ಮಿಕ್ಕಿದ ಗಂಡಸರು ಸೇರಿದ್ದ ಪರೀಕ್ಷೆಯೊಂದರಲ್ಲಿ 'ಇ' ಜೀವಸತ್ತ್ವವನ್ನು ಸೇವಿಸಿದವರಿಗೆ ಪ್ರಾಸ್ಟೇಟ್ ಗ್ರಂಥಿಯ ಅರ್ಬುದ ಶೇಕಡಾ 17ರಷ್ಟು ಹೆಚ್ಚಾಗಿ ಬಂದುದು 2011ರಲ್ಲಿ ತಿಳಿಯಿತು. ಗಜ್ಜರಿಯನ್ನು ತಿನ್ನುವುದು ಬೇರೆ, ಗಜ್ಜರಿಯಿಂದ ಒಂದಂಶವನ್ನು ಹಿಂಡಿ ತೆಗೆದು ಗುಳಿಗೆ ಮಾಡಿ ನುಂಗುವುದು ಬೇರೆ ಎಂಬ ಪಾಠವನ್ನು ಇವು ಕಲಿಸಿದವು.

'ಡಿ' ಜೀವಸತ್ತ್ವ ಮತ್ತು ಮೀನೆಣ್ಣೆಗಳನ್ನು 25,871 ಜನರಲ್ಲಿ ಪರೀಕ್ಷಿಸಲಾಯಿತು. ಅರ್ಬುದವಾಗಲಿ ಹೃದಯಾಘಾತ-ಪಾರ್ಶ್ವವಾಯುಗಳ ಒಟ್ಟು ಸಂಖ್ಯೆಯಾಗಲಿ ಗಣನೀಯವಾಗಿ ಇಳಿಯಲಿಲ್ಲ. 2022ರಲ್ಲಿ ಪ್ರಕಟವಾದ ಮುಂದಿನ ಭಾಗದಲ್ಲಿ ಮೂಳೆ ಮುರಿತವೂ ಇಳಿಯಲಿಲ್ಲ. ಆಸ್ಟ್ರೇಲಿಯಾದಲ್ಲಿ 70 ವರ್ಷ ಮೀರಿದ 2,256 ಸ್ತ್ರೀಯರಲ್ಲಿ ಅರ್ಧದಷ್ಟು ಜನರಿಗೆ ವರ್ಷಕ್ಕೊಮ್ಮೆ 'ಡಿ' ಜೀವಸತ್ತ್ವದ ಭಾರಿ ಮಾತ್ರೆಯನ್ನು ಕೊಟ್ಟಾಗ, ಬೀಳುವುದೂ ಮೂಳೆ ಮುರಿಯುವುದೂ ಅವರಲ್ಲಿಯೇ ಹೆಚ್ಚಾದುವೆಂದು 2010ರಲ್ಲಿ ವರದಿಯಾಯಿತು. ಹಲವು ಜೀವಸತ್ತ್ವಗಳನ್ನು ಒಟ್ಟುಗೂಡಿಸಿದ ಗುಳಿಗೆಗಳ ಬಗೆಗೆ, 3,90,124 ಆರೋಗ್ಯವಂತರನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಗಮನಿಸಿದ ಅಧ್ಯಯನವು 2024ರಲ್ಲಿ ಪ್ರಕಟವಾಯಿತು. ನಿತ್ಯ ನುಂಗಿದವರು ನುಂಗದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ.

ನ್ಯಾಯಕ್ಕಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. 14,641 ಮಂದಿ ವೈದ್ಯರು ತಮ್ಮ ಮೇಲೆಯೇ ಮಾಡಿಕೊಂಡ ಪರೀಕ್ಷೆಯಲ್ಲಿ ಇಂಥ ಗುಳಿಗೆಯಿಂದ ಅರ್ಬುದವು ಶೇಕಡಾ 8ರಷ್ಟು ಕಡಿಮೆಯಾದುದು 2012ರಲ್ಲಿ ಕಂಡುಬಂದಿತು. ಇತ್ತೀಚಿನ ಇನ್ನೊಂದು ಪರೀಕ್ಷೆಯಲ್ಲಿ ವೃದ್ಧರ ಸ್ಮರಣಶಕ್ತಿಗೆ ಸ್ವಲ್ಪ ಉಪಕಾರವಾದಂತಿದೆ. ಅಲ್ಪವಾದರೂ ಇವು ಅಲ್ಲಗಳೆಯತಕ್ಕವಲ್ಲ. ಆದರೆ ಮುಪ್ಪನ್ನು ಹಿಂದಿರುಗಿಸಿದ ಗುಳಿಗೆ ಮಾನವರಲ್ಲಿ ಇಂದಿಗೂ ಸಿದ್ಧವಾಗಿಲ್ಲ. ಈ ಕಾರಣದಿಂದಲೇ ನಮ್ಮ ದೇಶದ 1945ರ ಔಷಧ ನಿಯಮಗಳ 'ಜೆ' ಅನುಸೂಚಿಯು, ಔಷಧಗಳು ಗುಣಪಡಿಸುವೆವೆಂದು ಹೇಳಿಕೊಳ್ಳಬಾರದ ಸಂಗತಿಗಳ ಪಟ್ಟಿಯಲ್ಲಿ ಅಕಾಲ ಮುಪ್ಪನ್ನೂ ಯೌವನವನ್ನು ಮರಳಿಸುವ ಶಕ್ತಿಯನ್ನೂ ಸೇರಿಸಿದೆ. ಆಹಾರಪೂರಕದ ಡಬ್ಬಿಯ ಮೇಲೆ ಅದು ಔಷಧೀಯ ಬಳಕೆಗಲ್ಲವೆಂದು ಮುದ್ರಿಸಬೇಕೆಂಬ ಕಟ್ಟಳೆಯೂ ಇದೆ. ಮುಂಭಾಗದ ದೊಡ್ಡಕ್ಷರದ ಭರವಸೆಯನ್ನು ಓದುವವರು ಹಿಂಭಾಗದ ಸಣ್ಣಕ್ಷರವನ್ನೂ ಓದಬೇಕು.

ಸಸ್ಯಮೂಲದ್ದೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯುವುದೂ ತಪ್ಪು. ಅಮೆರಿಕೆಯ ಬೋಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಪದಾರ್ಥಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶವಿದ್ದುದು 2004ರಲ್ಲಿ ಬಯಲಾಯಿತು. ಶೋಧನ-ಮಾರಣಗಳ ಕ್ರಮವನ್ನು ಬಲ್ಲ ವೈದ್ಯನ ಕೈಯಲ್ಲಿರಬೇಕಾದುದು ಹಾದಿಬೀದಿಯ ಸರಕಾದರೆ ಆಗುವ ಅನಾಹುತವಿದು. ಇದರಿಂದ ಶಾಸ್ತ್ರಕ್ಕೂ ಅಪಕೀರ್ತಿ.

ಶಾಕಾಹಾರಿಗಳು ಮರೆಯಬಾರದ ಕೊರತೆ

ಹಾಗಾದರೆ ಗುಳಿಗೆಗಳೆಲ್ಲ ವ್ಯರ್ಥವೇ? ಅಲ್ಲ. ಕೊರತೆಯಿದ್ದಲ್ಲಿ ಅವು ಅಮೃತಸಮಾನ. ಶಾಕಾಹಾರವನ್ನು ವ್ರತವಾಗಿ ಪಾಲಿಸುವ ಸಮಾಜವು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

1948ರಲ್ಲಿ ಬೇರ್ಪಡಿಸಲಾದ ಬಿ-12 ಎಂಬ ಜೀವಸತ್ತ್ವವನ್ನು ಗಿಡಮರಗಳು ನಿರ್ಮಿಸಲಾರವು. ಅದನ್ನು ನಿರ್ಮಿಸುವವು ಸೂಕ್ಷ್ಮಜೀವಿಗಳು. ಮನುಷ್ಯನಿಗೆ ಅದು ದೊರೆಯುವುದು ಪ್ರಾಣಿಮೂಲದ ಆಹಾರದಿಂದ. ಶಾಕಾಹಾರಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಮುಖ್ಯ ಆಸರೆ. ಒಂದು ಲೋಟ ಹಾಲಿನಲ್ಲಿರುವುದು ಸುಮಾರು ಒಂದು ಮೈಕ್ರೋಗ್ರಾಂ. ದಿನಕ್ಕೆ ಬೇಕಾದುದು ಎರಡಕ್ಕಿಂತ ಕೊಂಚ ಹೆಚ್ಚು. ಹಾಲನ್ನೆಲ್ಲ ಡೇರಿಗೆ ಹಾಕಿ ಚಹಕ್ಕಷ್ಟೇ ಉಳಿಸಿಕೊಳ್ಳುವ ಮನೆಯ ಮುದುಕರಿಗೆ ಇದು ಹೇಗೆ ಸಾಲೀತು? ಅದಲ್ಲದೆ ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ ಆಹಾರದೊಳಗಿನ ಬಿ-12 ಬಿಡುಗಡೆಯಾಗುವುದೂ ಕುಗ್ಗುತ್ತದೆ. ಸಕ್ಕರೆರೋಗಕ್ಕೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನೂ ಹೊಟ್ಟೆಯುರಿಗೆ ಕೊಡುವ ಆಮ್ಲಶಾಮಕ ಗುಳಿಗೆಯನ್ನೂ ಬಹುಕಾಲ ಸೇವಿಸುವವರಲ್ಲಿ ಇದು ಮತ್ತಷ್ಟು ಕುಗ್ಗುತ್ತದೆ.

ಯಕೃತ್ತಿನಲ್ಲಿ ಕೂಡಿಟ್ಟ ಸಂಗ್ರಹವು ಕೆಲವು ವರ್ಷ ನಡೆಯುವುದರಿಂದ ಕೊರತೆ ಸದ್ದಿಲ್ಲದೆ ಬರುತ್ತದೆ. ಪಾದಗಳು ಜುಮ್ಮೆನ್ನುವುದು, ನಡಿಗೆ ತೂರಾಡುವುದು, ನಾಲಗೆ ಉರಿಯುವುದು, ರಕ್ತಹೀನತೆ, ಮರೆವು, ಮನಸ್ಸಿನ ಮಂಕು, ಇವು ಅದರ ಲಕ್ಷಣಗಳು. "ವಯಸ್ಸಾಯಿತು, ಅರುಳು-ಮರುಳು" ಎಂದು ಮನೆಯವರು ಕೈಬಿಟ್ಟ ಮುದುಕರಲ್ಲಿ ಕೆಲವರ ಮರೆವಿಗೆ ಮುಪ್ಪು ಕಾರಣವಲ್ಲ, ಈ ಕೊರತೆ ಕಾರಣ. ರಕ್ತಪರೀಕ್ಷೆಯಿಂದ ಅದನ್ನು ಅರಿಯಬಹುದು. ಹೆಚ್ಚಿನ ಬೆಲೆಯಿಲ್ಲದ ಗುಳಿಗೆ ಅಥವಾ ಸೂಜಿಮದ್ದಿನಿಂದ ನೀಗಿಸಬಹುದು. ಗುಳಿಗೆಯಲ್ಲಿರುವ ಬಿ-12 ಬಿಡಿಯಾಗಿರುವುದರಿಂದ ಕ್ಷೀಣಿಸಿದ ಜಠರಕ್ಕೂ ಅದು ದಕ್ಕುತ್ತದೆ. ಆದರೆ ಬಹಳ ತಡವಾದರೆ ನರಗಳಿಗಾದ ಹಾನಿ ಸರಿಹೋಗದೆ ಉಳಿಯಬಹುದು. ಸುಶ್ರುತನ ಮಾತಿನಲ್ಲಿ ಹೇಳುವುದಾದರೆ ಇದು ಅಕಾಲಜವಾದ ಮುಪ್ಪು. ತಡೆಯಬಲ್ಲದ್ದನ್ನು ತಡೆಯದೆ ಬಿಟ್ಟುದರ ಫಲ. ಯೌವನದ ಆಸೆ ತೋರಿಸುವ ಡಬ್ಬಿಗೆ ಸಾವಿರಾರು ರೂಪಾಯಿ ಸುರಿದು, ಈ ಅಲ್ಪವೆಚ್ಚದ ಪರೀಕ್ಷೆಯನ್ನು ಮಾಡಿಸದಿರುವುದು ವಿವೇಕವಲ್ಲ.

'ಡಿ' ಜೀವಸತ್ತ್ವದ ಮಾತೂ ಹೀಗೆಯೇ. ಬಿಸಿಲು ಕಾಣದೆ ಮನೆಯೊಳಗೇ ಹಾಸಿಗೆ ಹಿಡಿದವರಿಗೆ ಅದು ಬೇಕಾಗಬಹುದು. ಹೊಲದಲ್ಲಿ ಓಡಾಡುವವರೆಲ್ಲರೂ ನುಂಗಬೇಕಾಗಿಲ್ಲ. ಕೊಡುವುದಿದ್ದರೂ ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು.

ನಿತ್ಯದ ಊಟ ಮತ್ತು ದುಡಿಮೆ

ಮುಪ್ಪಿನಲ್ಲಿ ಮನುಷ್ಯನನ್ನು ಪರಾಧೀನನಾಗಿಸುವ ಮುಖ್ಯ ಸಂಗತಿ ಸ್ನಾಯುಗಳ ಕ್ಷಯ. ಕುಳಿತವನು ಏಳಲಾರ, ಎದ್ದವನು ಬೀಳುವನು, ಬಿದ್ದವನು ಹಾಸಿಗೆ ಹಿಡಿಯುವನು. ಇದಕ್ಕೆ ಪೌಷ್ಟಿಕ ಪುಡಿಯೊಂದೇ ಸಾಕೇ ಎಂಬುದನ್ನೂ ಪರೀಕ್ಷಿಸಲಾಗಿದೆ. ಬೋಸ್ಟನ್ನಿನ ವೃದ್ಧಾಲಯವೊಂದರಲ್ಲಿ, ಸರಾಸರಿ 87 ವರ್ಷದ ನೂರು ಮಂದಿ ದುರ್ಬಲ ವೃದ್ಧರನ್ನು ನಾಲ್ಕು ಗುಂಪು ಮಾಡಿ, ಹತ್ತು ವಾರ ಕೆಲವರಿಗೆ ಕಾಲಿನ ಭಾರದ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲದಂತೆ ಏರ್ಪಡಿಸಿದರು. 1994ರಲ್ಲಿ ಪ್ರಕಟವಾದ ಫಲ ಇದು: ವ್ಯಾಯಾಮ ಮಾಡಿದವರ ಸ್ನಾಯುಬಲವು ಶೇಕಡಾ 113ರಷ್ಟು ಹೆಚ್ಚಿತು, ಬರಿಯ ಪೇಯ ಕುಡಿದವರಲ್ಲಿ ಗಣನೀಯ ಪ್ರಯೋಜನ ಕಾಣಲಿಲ್ಲ. ತೊಂಬತ್ತರ ಸಮೀಪದ ಶರೀರವೂ ದುಡಿಮೆಗೆ ಓಗೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಾಯಕವನ್ನು ಮುಪ್ಪಿನಲ್ಲಿಯೂ ಬಿಡಬಾರದೆಂಬ ಹಿರಿಯರ ನಿಲುವಿಗೆ ದೇಹಶಾಸ್ತ್ರದ ಬೆಂಬಲವೂ ಇದೆ.

ದುಡಿಮೆಗೆ ತಕ್ಕ ಊಟ ಬೇಡವೆಂದಲ್ಲ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಂ ಪ್ರೋಟೀನು ದಿನಕ್ಕೆ ಬೇಕೆಂದು ನಮ್ಮ ದೇಶದ ಪೋಷಣತಜ್ಞರು ನಿಗದಿಮಾಡಿದ್ದಾರೆ. ವೃದ್ಧರಿಗೆ ಒಂದು ಗ್ರಾಮಿಗೆ ಕಡಿಮೆಯಾಗಬಾರದೆಂದು ಹಲವರ ಮತ. ಅಂದರೆ 55 ಕಿಲೋ ತೂಕದ ಹಿರಿಯರಿಗೆ ಸುಮಾರು 45ರಿಂದ 55 ಗ್ರಾಂ. ಇದು ಈ ಭಾಗದ ಸಾಮಾನ್ಯ ಅಡುಗೆಮನೆಯಲ್ಲಿಯೇ ಇದೆ. ನೂರೈವತ್ತು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 15 ಗ್ರಾಂ, ಒಂದು ಹಿಡಿಗೂ ಮಿಕ್ಕಿದ ಬೇಳೆ ಅಥವಾ ಹೆಸರು-ಮಡಕಿ ಕಾಳಿನಲ್ಲಿ 14 ಗ್ರಾಂ, ಅರ್ಧ ಲೀಟರ್ ಹಾಲು-ಮೊಸರಿನಲ್ಲಿ 16 ಗ್ರಾಂ, ಸ್ವಲ್ಪ ಶೇಂಗಾ ಹಿಂಡಿಯಲ್ಲಿ ಐದಾರು ಗ್ರಾಂ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಮೆಂತ್ಯಪಲ್ಲೆ, ಹಕ್ಕರಿಕೆ, ನುಗ್ಗಿಸೊಪ್ಪು ಇವು ಸುಣ್ಣಾಂಶ ಮೊದಲಾದವನ್ನು ಒದಗಿಸುತ್ತವೆ. ಕೊರತೆ ಉಂಟಾಗುವುದು ಅಡುಗೆಮನೆಯಲ್ಲಲ್ಲ, ಹಲ್ಲು ಬಿದ್ದ ಮೇಲೆ ತಟ್ಟೆಯಲ್ಲಿ. ರೊಟ್ಟಿ ಅಗಿಯಲಾಗದೆ ಅನ್ನ-ಸಾರಿಗೆ ಇಳಿದ ಹಿರಿಯರ ಪಾಲಿಗೆ ಇವೆಲ್ಲ ತಪ್ಪಿಹೋಗುತ್ತವೆ. ಹಾಲಿನಲ್ಲಿ ನೆನೆಸಿದ ರೊಟ್ಟಿ, ಜೋಳದ ನುಚ್ಚು-ಮಜ್ಜಿಗೆ, ಕಟ್ಟಿನ ಬೇಳೆ, ಬೇಯಿಸಿ ಅರೆದ ಕಾಳು, ಇವುಗಳಿಂದ ಆ ಕೊರತೆಯನ್ನು ತುಂಬಬಹುದು. ಹಲ್ಲಿನ ವೈದ್ಯರಿಗೆ ಕೊಡುವ ಹಣವೂ ಪೋಷಣೆಗೆ ಕೊಟ್ಟ ಹಣವೇ.

ದೀರ್ಘಾಯುಷ್ಯದ ಮಾತು ಬಂದಾಗ ತುಮಕೂರು ಸಿದ್ಧಗಂಗಾ ಮಠದ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ನೆನಪಾಗದಿರದು. 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಅವರು 111 ವರ್ಷ ಬಾಳಿದರು. ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು (1913-2021) 107 ವರ್ಷ ಬಾಳಿದರು. ಅವರ ಆಯುಷ್ಯಕ್ಕೆ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಅದರಲ್ಲಿ ವಂಶಗುಣದ ಪಾಲೂ ದೈವದ ಪಾಲೂ ಇದ್ದೀತು. ಆದರೆ ಇಬ್ಬರಿಗೂ ಮುಂಜಾನೆ ಎದ್ದರೆ ಮಾಡಬೇಕಾದ ಕೆಲಸವಿತ್ತು, ಅವರಿಗಾಗಿ ಕಾಯುವ ಜನರಿದ್ದರು. ಒಬ್ಬರಿಗೆ ಅನ್ನ-ಅಕ್ಷರಗಳ ದಾಸೋಹ, ಇನ್ನೊಬ್ಬರಿಗೆ ಶಬ್ದಗಳ ಉಪಾಸನೆ. ಸ್ವಾತಂತ್ರ್ಯ ಬಂದಾಗ ಸುಮಾರು 32 ವರ್ಷವಿದ್ದ ಭಾರತೀಯರ ಸರಾಸರಿ ಆಯುಷ್ಯ ಇಂದು 70ರ ಆಸುಪಾಸಿಗೆ ಬಂದಿದೆ. ಅದನ್ನು ತಂದುದು ಶುದ್ಧವಾದ ನೀರು, ದೇವಿ ಮೊದಲಾದ ರೋಗಗಳಿಗೆ ಹಾಕಿದ ಲಸಿಕೆ, ಹೆರಿಗೆಯ ಆರೈಕೆ, ಹೊಟ್ಟೆತುಂಬ ಊಟ, ಯೌವನದ ಗುಳಿಗೆಯಲ್ಲ.

ಆದ್ದರಿಂದ ಹಿರಿಯರ ಹಿತವನ್ನು ಬಯಸುವವರು ಡಬ್ಬಿಯನ್ನು ಕಳುಹಿಸುವ ಮೊದಲು ನಾಲ್ಕು ಸಂಗತಿಗಳನ್ನು ವಿಚಾರಿಸುವುದು ಲೇಸು. ಅವರ ರಕ್ತದಲ್ಲಿ ಬಿ-12 ಎಷ್ಟಿದೆ? ದಿನಕ್ಕೆ ಹಾಲು-ಮೊಸರು ಎಷ್ಟು ದೊರೆಯುತ್ತದೆ? ಅಗಿಯಲು ಬರುತ್ತದೆಯೇ, ನಡೆಯಲು ಬರುತ್ತದೆಯೇ? ಅವರೊಡನೆ ಕುಳಿತು ಉಣ್ಣುವವರಿದ್ದಾರೆಯೇ? ಒಬ್ಬರೇ ಉಣ್ಣುವ ಮುದುಕರು ಅರ್ಧ ಊಟಕ್ಕೇ ಎದ್ದುಬಿಡುವುದು ಎಲ್ಲರೂ ಕಂಡ ಸಂಗತಿ. ಮಠದ ಪಂಕ್ತಿಯಲ್ಲಿ ಕುಳಿತು ಕಲಿತು ಬೆಳೆದ ವಿದ್ಯಾರ್ಥಿಗಳಿಗೆ ಪಂಕ್ತಿಯ ಬೆಲೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಸಿರಿವಂತ ದಾನಿಗಳು ಹಳ್ಳಿಯ ಹಿರಿಯರಿಗಾಗಿ ವರ್ಷಕ್ಕೊಮ್ಮೆ ರಕ್ತಪರೀಕ್ಷೆಯನ್ನೂ ಹಲ್ಲಿನ ಚಿಕಿತ್ಸೆಯನ್ನೂ ಏರ್ಪಡಿಸಿದರೆ ಅದು ಅನ್ನದಾಸೋಹಕ್ಕೆ ಸಮನಾದ ಆರೋಗ್ಯದಾಸೋಹವಾದೀತು.

ಮುಪ್ಪು ಬಾರದಂತೆ ಮಾಡುವ ಸಿದ್ಧಿ ಗೋರಕ್ಷನಿಗೂ ಕೊನೆಗೆ ಬೇಡವಾಯಿತು. ಅಕಾಲದ ಮುಪ್ಪು ಬಾರದಂತೆ ನೋಡಿಕೊಳ್ಳುವುದೂ, ಕಾಲದಲ್ಲಿ ಬಂದ ಮುಪ್ಪನ್ನು ಗೌರವದಿಂದ ಬಾಳುವಂತೆ ಮಾಡುವುದೂ ಮನುಷ್ಯನ ಕೈಯಲ್ಲಿವೆ. ಸವಣೂರಿನ ಮುದಿಮರವು ಉರುಳಿದಾಗ ಅದನ್ನೆತ್ತಲು ಹಲವು ಕೈಗಳು ಒಂದಾದವು. ಪ್ರತಿ ಮನೆಯ ಹಿರಿಯರ ಪಾಲಿಗೂ ಅಂಥ ಕೈಗಳು ಒದಗಲಿ.